ಒಂದೇ ಯಂತ್ರ, ಹಲವು ಖೋಲಿ: ವಿವರಪತ್ರವನ್ನು ತಿದ್ದುವ ಬಗೆ

2017ನೆಯ ಇಸವಿಯ ಜೂನ್ 27ರಂದು ಉಕ್ರೇನ್ ದೇಶದಲ್ಲಿ ಎದ್ದ ಒಂದು ಪಿಡುಗು ನೋಡುನೋಡುವಷ್ಟರಲ್ಲಿ ನಮ್ಮ ಮುಂಬಯಿಯ ಕೊಲ್ಲಿಯಾಚೆಗಿನ ನವಶೇವಾ ಬಂದರನ್ನೂ ಮುಟ್ಟಿತು. ನಾಟ್‌ಪೆಟ್ಯಾ ಎಂದು ಅದರ ಹೆಸರು. ಉಕ್ರೇನಿನ ವ್ಯಾಪಾರಸ್ಥರು ತೆರಿಗೆ ಲೆಕ್ಕಕ್ಕೆ ಉಪಯೋಗಿಸುತ್ತಿದ್ದ ಎಂ.ಇ.ಡಾಕ್ ಎಂಬ ತಂತ್ರಾಂಶದ ಹೊಸ ಆವೃತ್ತಿಯ ಜೊತೆಯಲ್ಲಿ ಅಡಗಿ ಬಂದ ಈ ಪಿಡುಗು ಡೆನ್ಮಾರ್ಕಿನ ಮೇರ್ಸ್ಕ್ ಹಡಗು ಕಂಪನಿಯ ಜಾಲದೊಳಗೆ ಹೊಕ್ಕಿತು. ಆ ಕಂಪನಿಯ ಬಳಗದವರು ನಡೆಸುತ್ತಿದ್ದ ನವಶೇವಾದ ಧಕ್ಕೆಯಲ್ಲಿ ಯಾವ ಕಂಟೇನರು ಯಾರದು ಎಂದು ಹೇಳುವ ಗಣಕಯಂತ್ರಗಳು ನಿಂತುಹೋದವು. ಕೆಲಸವನ್ನು ಕೈಯಿಂದಲೇ ನಡೆಸಬೇಕಾಯಿತು. ಕಂಪನಿಯು 4,000 ಸರ್ವರುಗಳನ್ನೂ 45,000 ಗಣಕಯಂತ್ರಗಳನ್ನೂ ಹತ್ತು ದಿನಗಳಲ್ಲಿ ಹೊಸದಾಗಿ ಸಜ್ಜುಗೊಳಿಸಬೇಕಾಯಿತೆಂದು ಅದರ ಅಧ್ಯಕ್ಷರೇ 2018ರ ಜನವರಿಯಲ್ಲಿ ತಿಳಿಸಿದರು.

ಒಂದು ದೇಶದ ತೆರಿಗೆ ಲೆಕ್ಕದ ಯಂತ್ರಕ್ಕೆ ತಗುಲಿದ ರೋಗ ಇನ್ನೊಂದು ದೇಶದ ಬಂದರಿನ ಕೆಲಸವನ್ನು ನಿಲ್ಲಿಸಲು ಕಾರಣವೇನು? ನಡುವೆ ಸಾಕಷ್ಟು ಗೋಡೆಗಳಿರಲಿಲ್ಲ, ಅದೇ ಕಾರಣ. ಗಿರಣಿಯನ್ನು ಕಂಡವರಿಗೆ ಈ ಮಾತು ಹೊಸದಲ್ಲ. ಹತ್ತಿಯ ಬೇಲನ್ನು ಬಿಚ್ಚಿ ಅರಳೆ ಬಿಡಿಸುವ ಬ್ಲೋ ರೂಮಿನಲ್ಲಿ ಒಂದು ಕಬ್ಬಿಣದ ಚೂರು ಹಲ್ಲಿಗೆ ಸಿಕ್ಕಿದರೂ ಕಿಡಿ ಹಾರುತ್ತದೆ. ಅದಕ್ಕೇ ಆ ಖಾತೆಯನ್ನು ಬೇರೆ ಗೋಡೆಯೊಳಗೆ ಇಡುತ್ತಾರೆ. ಅಲ್ಲಿ ಬೆಂಕಿ ಬೀಳಲಾರದು ಎಂಬ ನಂಬಿಕೆಯಿಂದಲ್ಲ. ಬಿದ್ದರೆ ಅಲ್ಲಿಗೇ ನಿಲ್ಲಲಿ, ನೂಲಿನ ಖಾತೆಗೂ ಮಗ್ಗದ ಖಾತೆಗೂ ಹರಡದಿರಲಿ ಎಂದು.

ಈಗ ನಮ್ಮ ನಮ್ಮ ಮನೆಯ ಗಣಕಯಂತ್ರದ ಕಡೆಗೆ ನೋಡೋಣ. ನಮ್ಮಂತಹವರ ಮನೆಯಲ್ಲಿ ಇರುವುದು ಒಂದೇ ಯಂತ್ರ, ಅದೂ ಹಳೆಯದು. ಪಗಾರದ ಲೆಕ್ಕ, ಬ್ಯಾಂಕಿನ ವ್ಯವಹಾರ, ಭವಿಷ್ಯನಿಧಿಯ ಖಾತೆ, ಊರಿಗೆ ಹಣ ಕಳಿಸುವುದು, ರೈಲಿನ ಟಿಕೆಟು, ಮಕ್ಕಳ ಪಾಠ, ಸಿನಿಮಾ ಹಾಡು, ಎಲ್ಲವೂ ಅದರಲ್ಲಿಯೇ. ಕೆಲಸ ಕೊಡುತ್ತೇವೆಂದು ಹೇಳಿ ಯಾರೋ ಅಪರಿಚಿತರು ಕಳಿಸಿದ ಅರ್ಜಿಯನ್ನು ತೆರೆಯುವುದೂ ಅದರಲ್ಲಿಯೇ. ಆ ಅರ್ಜಿಯೊಳಗೆ ಕಿಡಿಯಿದ್ದರೆ ಸುಡುವುದು ಅರ್ಜಿಯೊಂದೇ ಅಲ್ಲ. ವರ್ಷಾನುಗಟ್ಟಲೆ ಓವರ್‌ಟೈಮ್ ಮಾಡಿ ಕೂಡಿಸಿಟ್ಟ ಗಂಟಿಗೂ ಆಪತ್ತು ಬಂದೀತು. ಆದಕಾರಣ ಒಂದೇ ಯಂತ್ರದೊಳಗೆ ಗೋಡೆ ಕಟ್ಟುವ ವಿದ್ಯೆಯನ್ನೂ, ಆ ಗೋಡೆಗಳ ಅಳತೆಯನ್ನು ಬರೆದಿಡುವ ವಿವರಪತ್ರವನ್ನು ನಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದುವ ಬಗೆಯನ್ನೂ ಈ ಲೇಖನದಲ್ಲಿ ಹೇಳಲು ಯತ್ನಿಸಿದ್ದೇವೆ.

ಖೋಲಿಗಳ ವ್ಯವಸ್ಥೆ

ಮುಂಬಯಿಗೆ ಗಣಕಯಂತ್ರ ಹೊಸತೇನಲ್ಲ. ಟಾಟಾ ಮೂಲ ಸಂಶೋಧನ ಸಂಸ್ಥೆಯ ಟಿಫ್ರಾಕ್ ಯಂತ್ರ 1960ರಲ್ಲಿಯೇ ಇಲ್ಲಿ ಕೆಲಸ ಆರಂಭಿಸಿತ್ತು. ಆ ಕಾಲದ ಯಂತ್ರಗಳು ಬಹಳ ದುಬಾರಿ. ಒಂದೇ ಯಂತ್ರವನ್ನು ಹಲವರು ಬಳಸಬೇಕು, ಆದರೆ ಪ್ರತಿಯೊಬ್ಬರಿಗೂ ತಮ್ಮದೇ ಒಂದು ಯಂತ್ರವಿದ್ದಂತೆ ತೋರಬೇಕು ಎಂಬ ಯೋಚನೆಯಿಂದ ಅಮೆರಿಕದ ಐಬಿಎಂ ಕಂಪನಿಯವರು ಕಲ್ಪಿತ ಯಂತ್ರದ ವಿದ್ಯೆಯನ್ನು ಬೆಳೆಸಿ, 1972ರಲ್ಲಿ ವಿಎಂ/370 ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದರು. ನಿಜವಾದ ಯಂತ್ರ ಒಂದು. ಅದರೊಳಗೆ ತಂತ್ರಾಂಶದಿಂದ ಕಟ್ಟಿದ ಯಂತ್ರಗಳು ಹಲವು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದವರು 2003ರಲ್ಲಿ ಝೆನ್ ಎಂಬ ಮೇಲ್ವಿಚಾರಕ ತಂತ್ರಾಂಶವನ್ನು ಲೋಕಕ್ಕೆ ಪರಿಚಯಿಸಿದ ಮೇಲೆ ಈ ವಿದ್ಯೆ ಸಾಮಾನ್ಯ ಯಂತ್ರಗಳಿಗೂ ಸುಲಭವಾಗಿ ಬಂತು.

ಇದೇ ಝೆನ್ ತಂತ್ರಾಂಶದ ಬುನಾದಿಯ ಮೇಲೆ ಕಟ್ಟಿದ್ದು ಕ್ಯೂಬ್ಸ್ ಎಂಬ ಕಾರ್ಯವ್ಯವಸ್ಥೆ. ಇದನ್ನು ಆರಂಭಿಸಿದವರು ಪೋಲೆಂಡ್ ದೇಶದ ಜೊವಾನ್ನಾ ರುಟ್ಕೊವ್‌ಸ್ಕಾ ಎಂಬ ಮಹಿಳೆ. ಕಳ್ಳ ತಂತ್ರಾಂಶವು ಕಲ್ಪಿತ ಯಂತ್ರದ ವಿದ್ಯೆಯನ್ನೇ ಬಳಸಿ ಹೇಗೆ ಅಡಗಿ ಕೂಡಬಹುದೆಂದು 2006ರಲ್ಲಿ ತೋರಿಸಿ ಹೆಸರಾದವರು ಅವರು. ಕಳ್ಳನ ದಾರಿ ತಿಳಿದವರೇ ಬಾಗಿಲು ಕಟ್ಟಿದರೆ ಅದು ಭದ್ರವಲ್ಲವೇ? 2010ರ ಏಪ್ರಿಲಿನಲ್ಲಿ ಕ್ಯೂಬ್ಸ್ ಪ್ರಕಟವಾಯಿತು. 2012ರ ಸೆಪ್ಟೆಂಬರಿನಲ್ಲಿ ಮೊದಲನೆಯ ಪೂರ್ಣ ಆವೃತ್ತಿ ಬಂತು. 2018ರ ಅಕ್ಟೋಬರಿನಲ್ಲಿ ಅವರು ಆ ಕೆಲಸದಿಂದ ನಿವೃತ್ತರಾದ ಮೇಲೆ ಅವರ ಜೊತೆಗಾರ ಮಾರೆಕ್ ಮಾರ್ಚಿಕೊವ್‌ಸ್ಕಿ-ಗುರೆಟ್ಸ್‌ಕಿ ಅದರ ಹೊಣೆ ಹೊತ್ತರು. ಈ ವ್ಯವಸ್ಥೆಗೆ ಬೆಲೆಯಿಲ್ಲ. ಯಾರು ಬೇಕಾದರೂ ಉಚಿತವಾಗಿ ತೆಗೆದುಕೊಳ್ಳಬಹುದು.

ಇದರ ಏರ್ಪಾಡು ನಮ್ಮ ಚಾಳಿನ ಏರ್ಪಾಡಿನಂತೆಯೇ. ಒಂದೇ ಕಟ್ಟಡ, ಸಾಲಾಗಿ ಖೋಲಿಗಳು. ಪ್ರತಿಯೊಂದು ಖೋಲಿಯೂ ಒಂದೊಂದು ಕಲ್ಪಿತ ಯಂತ್ರ. ಕಚೇರಿ ಕೆಲಸಕ್ಕೆ ಒಂದು, ಮನೆಯ ವ್ಯವಹಾರಕ್ಕೆ ಒಂದು, ಅಪರಿಚಿತ ಕಾಗದಗಳಿಗೆ ಒಂದು, ಗುಟ್ಟಿನ ಸಂಕೇತಪದಗಳನ್ನು ಇಡಲು ಜಾಲದ ಸಂಪರ್ಕವೇ ಇಲ್ಲದ ತಿಜೋರಿಯಂತಹ ಖೋಲಿ ಒಂದು. ಪ್ರತಿಯೊಂದಕ್ಕೂ ಒಂದು ಬಣ್ಣವಿದ್ದು, ಆ ಖೋಲಿಯ ಕಿಟಕಿಗಳೆಲ್ಲ ಪರದೆಯ ಮೇಲೆ ಅದೇ ಬಣ್ಣದ ಅಂಚಿನಲ್ಲಿ ಕಾಣುತ್ತವೆ. ನಂಬಲಾಗದ ಖೋಲಿಗೆ ಕೆಂಪು, ಕೆಲಸದ ಖೋಲಿಗೆ ನೀಲಿ, ತಿಜೋರಿಗೆ ಕಪ್ಪು. ಈ ಚಾಳಿಗೆ ಒಂದು ಮುಖ್ಯ ಕಚೇರಿಯೂ ಉಂಟು. ಅದನ್ನು ಡಾಮ್-ಸೊನ್ನೆ ಎಂದು ಕರೆಯುತ್ತಾರೆ. ಖೋಲಿಗಳನ್ನು ತೆರೆಯುವುದೂ ಮುಚ್ಚುವುದೂ ಅಲ್ಲಿಂದಲೇ. ಅದಕ್ಕೆ ಮಾತ್ರ ಹೊರಗಿನ ಜಾಲದ ಸಂಪರ್ಕ ಕೊಟ್ಟಿಲ್ಲ. ಯಾಕೆಂದರೆ ಮುಖ್ಯ ಕಚೇರಿ ಕೈತಪ್ಪಿದರೆ ಎಲ್ಲ ಖೋಲಿಗಳೂ ಕೈತಪ್ಪಿದಂತೆಯೇ.

ವಿವರಪತ್ರವೆಂದರೆ ಏನು?

ಒಂದು ಖೋಲಿ ತೆರೆಯುವಾಗ ಮುಖ್ಯ ಕಚೇರಿಯು ಝೆನ್ ಮೇಲ್ವಿಚಾರಕನಿಗೆ ಒಂದು ವಿವರಪತ್ರವನ್ನು ಒಪ್ಪಿಸುತ್ತದೆ. ಖೋಲಿಯ ಹೆಸರೇನು, ಗುರುತಿನ ಸಂಖ್ಯೆ ಯಾವುದು, ಮೆಮೊರಿ ಎಷ್ಟು, ಪ್ರೊಸೆಸರಿನ ಪಾಲೆಷ್ಟು, ಯಾವ ಯಾವ ಸಾಧನಗಳು ಅದರೊಳಗೆ ಇರಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಈ ಪತ್ರವನ್ನು ಎಕ್ಸ್‌ಎಂಎಲ್ ಎಂಬ ಬರವಣಿಗೆಯ ರೀತಿಯಲ್ಲಿ ಬರೆಯುತ್ತಾರೆ; ಅದನ್ನು ಮೇಲ್ವಿಚಾರಕನಿಗೆ ತಲುಪಿಸುವ ಮಧ್ಯವರ್ತಿಯ ಹೆಸರು ಲಿಬ್‌ವರ್ಟ್.

ಇಲ್ಲಿ ವಾಚಕರು ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಈ ವಿವರಪತ್ರ ಒಮ್ಮೆ ಬರೆದು ಕಪಾಟಿನಲ್ಲಿಟ್ಟ ಕಾಗದವಲ್ಲ. ಖೋಲಿಯನ್ನು ತೆರೆದ ಪ್ರತಿ ಸಲವೂ ಅದನ್ನು ಹೊಸದಾಗಿ ಬರೆಯಲಾಗುತ್ತದೆ. ಗಿರಣಿಯ ಹಾಜರಿ ಪಟ್ಟಿಯನ್ನು ನೆನೆಯಿರಿ. ದಿನದಿನದ ಪಟ್ಟಿಯನ್ನು ಖಾಯಂ ರಿಜಿಸ್ಟರಿನಿಂದ ಬೆಳಿಗ್ಗೆ ಇಳಿಸಿಕೊಳ್ಳುತ್ತಾರೆ. ಇವತ್ತಿನ ಪಟ್ಟಿಯ ಅಂಚಿನಲ್ಲಿ ಯಾರಾದರೂ ಒಂದು ಹೆಸರನ್ನು ಗೀಚಿದರೆ ನಾಳೆಯ ಪಟ್ಟಿಯಲ್ಲಿ ಆ ಹೆಸರು ಇರುವುದಿಲ್ಲ. ಹೆಸರು ನಿಲ್ಲಬೇಕಾದರೆ ಖಾಯಂ ರಿಜಿಸ್ಟರಿನಲ್ಲಿಯೇ ಏರಬೇಕು. ಕ್ಯೂಬ್ಸ್‌ನ ಹಳೆಯ 3ರ ಸರಣಿಯ ಆವೃತ್ತಿಗಳಲ್ಲಿ ಒಂದೊಂದು ಖೋಲಿಯ ಫೋಲ್ಡರಿನಲ್ಲಿಯೂ ವಿವರಪತ್ರ ಕಾಣುತ್ತಿತ್ತು. ಅದನ್ನೇ ತಿದ್ದಿದವರ ತಿದ್ದುಪಡಿ ಮುಂದಿನ ಸಲ ಖೋಲಿ ತೆರೆದಾಗ ಅಳಿಸಿಹೋಗುತ್ತಿತ್ತು. ಪ್ರತಿಯೊಂದನ್ನು ಬೇರೆ ಕಡೆ ಇಟ್ಟುಕೊಂಡು, ಖೋಲಿ ತೆರೆಯುವಾಗಲೆಲ್ಲ ಅದನ್ನೇ ಓದು ಎಂದು ಆಜ್ಞೆ ಕೊಡಬೇಕಾಗಿತ್ತು. 2018ರ ಮಾರ್ಚಿನಲ್ಲಿ 4.0 ಆವೃತ್ತಿ ಬಂದ ಮೇಲೆ ಈ ತೊಡಕು ತಪ್ಪಿತು. ಅಂದಿನಿಂದ ವಿವರಪತ್ರವನ್ನು ಒಂದು ನಮೂನೆಯಿಂದ ತಯಾರಿಸುತ್ತಾರೆ. ಆ ನಮೂನೆಗೆ ನಮ್ಮ ಮಾತನ್ನು ಸೇರಿಸಲು ಸರಿಯಾದ ಒಂದು ಜಾಗವನ್ನೂ ಇಟ್ಟಿದ್ದಾರೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ನಮೂನೆಗೆ ಕೈಹಾಕುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನಮಗೆ ಬೇಕಾದ ಬದಲಾವಣೆ ನಿಜವಾಗಿಯೂ ವಿವರಪತ್ರದ್ದೇ? ಹತ್ತರಲ್ಲಿ ಒಂಬತ್ತು ಸಲ ಅಲ್ಲ ಎಂಬುದು ನಮ್ಮ ಅನುಭವ.

ಮೊದಲನೆಯ ಬಗೆಯ ಬದಲಾವಣೆಗಳು ಖೋಲಿಯ ಸೆಟ್ಟಿಂಗ್ಸ್ ಕಿಟಕಿಯಲ್ಲಿಯೇ ಮುಗಿಯುತ್ತವೆ. ಸಾಮಾನ್ಯ ಖೋಲಿಯೊಂದಕ್ಕೆ ಆರಂಭದಲ್ಲಿ 400 ಎಂಬಿ ಮೆಮೊರಿ ಸಿಗುತ್ತದೆ; ಬೇಕೆನಿಸಿದಾಗ ಅದು 4,000 ಎಂಬಿಯವರೆಗೆ ಏರಬಹುದು; ಪ್ರೊಸೆಸರಿನ ಪಾಲು ಎರಡು. ಈ ಅಂಕಿಗಳನ್ನು ಹೆಚ್ಚು ಕಡಿಮೆ ಮಾಡಲು, ಜಾಲದ ಸಂಪರ್ಕ ಕಿತ್ತುಹಾಕಲು, ಯಂತ್ರ ಏಳುತ್ತಲೇ ಖೋಲಿ ತಾನಾಗಿ ತೆರೆಯುವಂತೆ ಮಾಡಲು ಆ ಕಿಟಕಿ ಸಾಕು. ಕಿಟಕಿಯ ಬದಲು ಆಜ್ಞೆ ಬರೆಯುವವರಿಗೆ ಕ್ಯೂವಿಎಂ-ಪ್ರೆಫ್ಸ್ ಎಂಬ ಆಜ್ಞೆಯಿದೆ. ಗುಮಾಸ್ತರು ಭವಿಷ್ಯನಿಧಿಯ ಅಥವಾ ತೆರಿಗೆಯ ಪತ್ರಗಳಿಗೆ ಡಿಜಿಟಲ್ ಸಹಿ ಹಾಕಲು ಯುಎಸ್‌ಬಿ ಟೋಕನ್ ಬಳಸುತ್ತಾರಷ್ಟೆ. ಅದನ್ನು ಕೆಲಸದ ಖೋಲಿಗೆ ಮಾತ್ರ ಜೋಡಿಸಲು ಕ್ಯೂವಿಎಂ-ಯುಎಸ್‌ಬಿ ಎಂಬ ಆಜ್ಞೆಯೇ ಇದೆ. ಇವಕ್ಕೆ ನಮೂನೆಯನ್ನು ಮುಟ್ಟುವ ಕಾರಣವೇ ಇಲ್ಲ.

ಎರಡನೆಯ ಬಗೆಯವು ಖೋಲಿಯ ಒಳಗಿನ ಬದಲಾವಣೆಗಳು. ಕ್ಯೂಬ್ಸ್‌ನಲ್ಲಿ ಸಾಮಾನ್ಯ ಖೋಲಿಗಳು ತಮ್ಮ ತಂತ್ರಾಂಶಗಳನ್ನು ಒಂದು ಮಾದರಿ ಖೋಲಿಯಿಂದ ಪಡೆಯುತ್ತವೆ. ಸಾಮಾನ್ಯ ಖೋಲಿಯನ್ನು ಮುಚ್ಚಿದಾಗ ಅದರಲ್ಲಿ ಉಳಿಯುವುದು ನಮ್ಮ ಹೋಮ್ ಫೋಲ್ಡರು ಮತ್ತು ಉಳಿಸಲೆಂದೇ ಗೊತ್ತುಮಾಡಿದ ಇನ್ನೊಂದೆರಡು ಜಾಗ ಮಾತ್ರ; ಉಳಿದದ್ದೆಲ್ಲ ಮಾದರಿಯಂತೆ ಶುದ್ಧವಾಗಿ ಮರಳುತ್ತದೆ. ಕಳ್ಳ ತಂತ್ರಾಂಶ ಗೋಡೆಯ ಮೇಲೆ ಬರೆದದ್ದೂ ಇದರಿಂದ ಅಳಿಸಿಹೋಗುತ್ತದೆ, ನಾವು ಬರೆದದ್ದೂ ಅಳಿಸಿಹೋಗುತ್ತದೆ. ಕನ್ನಡ ಅಕ್ಷರಗಳು ಚೌಕಚೌಕವಾಗಿ ಕಾಣುತ್ತವೆಂದು ಲೋಹಿತ್ ಕನ್ನಡ ಲಿಪಿಯನ್ನು ಕೆಲಸದ ಖೋಲಿಯ ವ್ಯವಸ್ಥೆಯೊಳಗೆ ಹಾಕಿದರೆ ಮರುದಿನ ಚೌಕಗಳೇ ಮತ್ತೆ ಕಾಣುತ್ತವೆ. ಅದನ್ನು ಮಾದರಿ ಖೋಲಿಯಲ್ಲಿ ಹಾಕಿ, ಆ ಮಾದರಿಯನ್ನು ಮುಚ್ಚಿ, ಕೆಲಸದ ಖೋಲಿಯನ್ನು ಮತ್ತೆ ತೆರೆದರೆ ಮಾದರಿಯ ಆಶ್ರಯದ ಎಲ್ಲ ಖೋಲಿಗಳಲ್ಲಿಯೂ ಕನ್ನಡ ಕಾಣುತ್ತದೆ. ಒಂದೇ ಖೋಲಿಗೆ ಸೀಮಿತವಾಗಿ ಎಟ್ಸಿ ಫೋಲ್ಡರಿನ ಒಂದು ಫೈಲು ಉಳಿಯಬೇಕೆಂದಿದ್ದರೆ ಬೈಂಡ್-ಡಿರ್ಸ್ ಎಂಬ ಏರ್ಪಾಡು ಉಂಟು. ಉಳಿಯಬೇಕಾದ ಫೈಲಿನ ದಾರಿಯನ್ನು ಅದರ ಪಟ್ಟಿಯಲ್ಲಿ ಒಂದು ಸಾಲಾಗಿ ಬರೆದಿಟ್ಟರೆ ಸಾಕು.

ಈ ಎರಡು ಬಗೆಗೂ ನಿಲುಕದ್ದು ಮೂರನೆಯ ಬಗೆ. ಸೆಟ್ಟಿಂಗ್ಸ್ ಕಿಟಕಿಯಲ್ಲಿ ಅದಕ್ಕೆ ಗುಂಡಿಯಿಲ್ಲ, ಖೋಲಿಯ ಒಳಗಿನಿಂದ ಅದು ಆಗುವುದಿಲ್ಲ, ಖೋಲಿಯ ಕಟ್ಟಡವೇ ಸ್ವಲ್ಪ ಬೇರೆಯಾಗಬೇಕು. ಅಂತಹ ಸಮಯದಲ್ಲಿ ಮಾತ್ರ ನಮೂನೆ.

ನಮೂನೆಯ ಕಟ್ಟು

ಮೂಲ ನಮೂನೆಯ ಹೆಸರು ಝೆನ್.ಎಕ್ಸ್‌ಎಂಎಲ್. ಇದು ಮುಖ್ಯ ಕಚೇರಿಯಲ್ಲಿ ವ್ಯವಸ್ಥೆಯವರು ಇಟ್ಟ ಫೈಲು. ಇದನ್ನು ಬರೆದಿರುವುದು ಜಿಂಜಾ ಎಂಬ ನಮೂನೆಯ ಭಾಷೆಯಲ್ಲಿ. ಜಿಂಜಾ ಎಂದರೆ ಜಪಾನಿ ಮಾತಿನಲ್ಲಿ ದೇಗುಲ. ಇಂಗ್ಲಿಷಿನಲ್ಲಿ ದೇಗುಲಕ್ಕೆ ಟೆಂಪಲ್, ನಮೂನೆಗೆ ಟೆಂಪ್ಲೇಟ್. ಎರಡು ಮಾತುಗಳ ಉಚ್ಚಾರ ಹತ್ತಿರವಿರುವುದನ್ನು ಕಂಡು ಇಟ್ಟ ಹೆಸರಂತೆ. ಕಚೇರಿಯಲ್ಲಿ ಅಚ್ಚು ಹಾಕಿಸಿದ ಫಾರಮ್ಮಿನಲ್ಲಿ ಹೆಸರಿಗೆ, ತಾರೀಖಿಗೆ ಖಾಲಿ ಜಾಗ ಬಿಟ್ಟಿರುತ್ತಾರಲ್ಲವೇ? ಜಿಂಜಾ ಮಾಡುವುದೂ ಅದನ್ನೇ. ಖಾಲಿ ಜಾಗಗಳಲ್ಲಿ ಆಯಾ ಖೋಲಿಯ ಹೆಸರು, ಮೆಮೊರಿ ಮುಂತಾದವು ತಾವಾಗಿ ತುಂಬಿಕೊಳ್ಳುತ್ತವೆ.

ಈ ನಮೂನೆಯನ್ನು ಹಲವು ಭಾಗಗಳಾಗಿ ವಿಂಗಡಿಸಿದ್ದಾರೆ. ಬೇಸಿಕ್ ಎಂಬ ಭಾಗದಲ್ಲಿ ಹೆಸರು, ಗುರುತು, ಮೆಮೊರಿ, ಪ್ರೊಸೆಸರಿನ ಪಾಲು. ಸಿಪಿಯು ಭಾಗದಲ್ಲಿ ಪ್ರೊಸೆಸರಿನ ಯಾವ ಸೌಕರ್ಯಗಳು ಖೋಲಿಗೆ ಕಾಣಬೇಕು ಎಂಬುದು. ಓಎಸ್ ಭಾಗದಲ್ಲಿ ಖೋಲಿ ಹೇಗೆ ಏಳಬೇಕೆಂಬುದು. ಫೀಚರ್ಸ್, ಕ್ಲಾಕ್, ಆನ್ ಎಂಬ ಸಣ್ಣ ಭಾಗಗಳು ನಡುವೆ. ಕೊನೆಯದಾಗಿ ಡಿವೈಸಸ್ ಭಾಗದಲ್ಲಿ ಡಿಸ್ಕು, ಜಾಲ, ಪರದೆ ಮುಂತಾದ ಸಾಧನಗಳೆಲ್ಲ. ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ಬದಲಾಯಿಸಬಹುದು ಎಂಬುದೇ ಇದರ ಅನುಕೂಲ.

ಮೂಲ ನಮೂನೆಯನ್ನು ಎಂದೂ ತಿದ್ದಬಾರದು. ವ್ಯವಸ್ಥೆಯ ಹೊಸ ಆವೃತ್ತಿ ಬಂದಾಗ ಅದರ ಮೇಲೆಯೇ ಹೊಸದನ್ನು ಬರೆಯುತ್ತಾರೆ. ನಮ್ಮ ತಿದ್ದುಪಡಿ ಹೇಳಹೆಸರಿಲ್ಲದೆ ಹೋಗುತ್ತದೆ. ನಮ್ಮ ಮಾತಿಗೆ ಎಟ್ಸಿ ಫೋಲ್ಡರಿನಲ್ಲಿ ಬೇರೆ ಜಾಗವಿದೆ. ಎಟ್ಸಿಯೊಳಗೆ ಕ್ಯೂಬ್ಸ್, ಅದರೊಳಗೆ ಟೆಂಪ್ಲೇಟ್ಸ್, ಅದರೊಳಗೆ ಲಿಬ್‌ವರ್ಟ್. ಇಲ್ಲಿ ಝೆನ್-ಯೂಸರ್.ಎಕ್ಸ್‌ಎಂಎಲ್ ಎಂಬ ಫೈಲನ್ನಿಟ್ಟರೆ ಅದು ಎಲ್ಲ ಖೋಲಿಗಳಿಗೂ ಅನ್ವಯಿಸುತ್ತದೆ. ಅಲ್ಲಿಯೇ ಝೆನ್ ಎಂಬ ಫೋಲ್ಡರು, ಅದರೊಳಗೆ ಬೈ-ನೇಮ್ ಎಂಬ ಫೋಲ್ಡರು ಮಾಡಿ, ಖೋಲಿಯ ಹೆಸರಿನದೇ ಒಂದು ಎಕ್ಸ್‌ಎಂಎಲ್ ಫೈಲನ್ನಿಟ್ಟರೆ ಅದು ಆ ಒಂದು ಖೋಲಿಗೆ ಮಾತ್ರ. ಇವೆಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕಾದುದರಿಂದ ಸರಿಯಾದ ಕಾಗುಣಿತದ ಪ್ರತಿಯೊಂದನ್ನು ವಾಚನಾಲಯದ ಸೂಚನಾ ಫಲಕದಲ್ಲಿ ಅಂಟಿಸಿದ್ದೇವೆ. ಬೇಕಾದವರು ನಕಲು ಮಾಡಿಕೊಳ್ಳಬಹುದು.

ಕಚೇರಿಯ ಆಜ್ಞೆಗಳಲ್ಲಿ ಮೇಲುಕೀಳು ಇರುವಂತೆ ಇಲ್ಲಿಯೂ ಇದೆ. ಒಬ್ಬ ಕೆಲಸಗಾರನ ಹೆಸರಿಗೇ ಹೊರಟ ವಿಶೇಷ ಆಜ್ಞೆ ಮೊದಲು. ಅದಿಲ್ಲದಿದ್ದರೆ ಮ್ಯಾನೇಜರರ ಸರ್ಕ್ಯುಲರು. ಅದೂ ಇಲ್ಲದಿದ್ದರೆ ಕಂಪನಿಯ ಖಾಯಂ ನಿಯಮ. ಕ್ಯೂಬ್ಸ್ ಮೊದಲು ಖೋಲಿಯ ಹೆಸರಿನ ಫೈಲನ್ನು ಹುಡುಕುತ್ತದೆ, ಬಳಿಕ ಝೆನ್-ಯೂಸರ್ ಫೈಲನ್ನು, ಕಟ್ಟಕಡೆಗೆ ಮೂಲ ನಮೂನೆಯನ್ನು. ಯಾವುದು ಮೊದಲು ಸಿಕ್ಕಿತೋ ಅದನ್ನೇ ಹಿಡಿದು ಮುಂದೆ ಹೋಗುತ್ತದೆ. ಉಳಿದವನ್ನು ತಾನಾಗಿ ಕೂಡಿಸುವುದಿಲ್ಲ.

'ಸದರಿಯಂತೆ' ಎಂಬ ಮಾತಿನ ಬೆಲೆ

ಈ ಕೊನೆಯ ವಾಕ್ಯದಲ್ಲಿಯೇ ತೊಡಕೆಲ್ಲ ಇದೆ. ಮೊದಲು ಸಿಕ್ಕ ಫೈಲನ್ನೇ ಹಿಡಿಯುವುದಾದರೆ ಆ ಫೈಲಿನಲ್ಲಿ ವಿವರವೆಲ್ಲ ಇರಲೇಬೇಕು. ಹಾಗೆಂದು ಮೂಲ ನಮೂನೆಯನ್ನು ಆದ್ಯಂತ ನಕಲು ಮಾಡಿ, ನಡುವೆ ನಮ್ಮ ಸಾಲನ್ನು ಸೇರಿಸಿಡಲು ಯಾರಿಗಾದರೂ ಮನಸ್ಸಾಗುತ್ತದೆ. ಇವತ್ತಿಗೆ ಅದರಿಂದ ಕೆಲಸವೂ ಆದೀತು. ಆದರೆ ಆರು ತಿಂಗಳ ಮೇಲೆ ವ್ಯವಸ್ಥೆಯವರು ಮೂಲ ನಮೂನೆಯಲ್ಲಿ ಒಂದು ಬಿರುಕು ಮುಚ್ಚಿದರೆಂದು ಇಟ್ಟುಕೊಳ್ಳಿ. ಎಲ್ಲ ಖೋಲಿಗಳಿಗೂ ಆ ರಿಪೇರಿ ತಲುಪುತ್ತದೆ, ನಕಲು ಪತ್ರದ ಖೋಲಿಯೊಂದಕ್ಕೆ ತಲುಪುವುದಿಲ್ಲ. ಅದರ ಬಾಗಿಲು ಹಳೆಯದೇ, ಚಿಲಕ ಹಳೆಯದೇ. ನಮಗೆ ಮಾತ್ರ ಅದು ತಿಳಿಯುವುದಿಲ್ಲ. ಯಂತ್ರ ಯಾವ ದೂರನ್ನೂ ಹೇಳದೆ ದಿನವೂ ಏಳುತ್ತಿರುತ್ತದೆ.

ಗುಮಾಸ್ತರಾದ ನಾವು ಇಂತಹದಕ್ಕೆ ಒಂದು ಉಪಾಯವನ್ನು ಬಲ್ಲೆವು. ಹೋದ ವರ್ಷದ ಕರಾರನ್ನೇ ಮುಂದುವರಿಸುವಾಗ ಇಡೀ ಕರಾರನ್ನು ಮತ್ತೆ ಬರೆಯುವುದಿಲ್ಲ. 'ಸದರಿ ಕರಾರಿನಂತೆ, ಅದರ ಜೊತೆಗೆ' ಎಂದು ಬರೆದು ಹೊಸ ಕಲಮು ಒಂದನ್ನು ಸೇರಿಸುತ್ತೇವೆ. ಜಿಂಜಾ ಭಾಷೆಯಲ್ಲಿ ಇದಕ್ಕೆ ಎರಡು ಮಾತುಗಳಿವೆ. ಎಕ್ಸ್‌ಟೆಂಡ್ಸ್ ಎಂಬುದು ಮೊದಲನೆಯದು: 'ಇಂಥ ನಮೂನೆಯನ್ನು ಆಧರಿಸಿ' ಎಂದು ಅದರ ಅರ್ಥ. ಸೂಪರ್ ಎಂಬುದು ಎರಡನೆಯದು: 'ಈ ಭಾಗದಲ್ಲಿ ಮೂಲದಲ್ಲಿದ್ದುದೆಲ್ಲ ಸದರಿಯಂತೆ' ಎಂದು ಅರ್ಥ.

ಉದಾಹರಣೆಗೆ, ಒಂದು ಖೋಲಿಯಲ್ಲಿ ಬೇರೆ ಯಾವುದೋ ಕಾರ್ಯವ್ಯವಸ್ಥೆಯನ್ನು ಹಾಕಿದ್ದೇವೆ. ಅದು ಏಳುವ ಹಂತದಲ್ಲಿಯೇ ನಿಂತುಬಿಡುತ್ತದೆ, ಪರದೆಯ ಮೇಲೆ ಏನೂ ಕಾಣುವುದಿಲ್ಲ. ಅದರ ಒಡಲಿನ ಮಾತನ್ನು ಕೇಳಲು ಸೀರಿಯಲ್ ಎಂಬ ಹಳೆಯ ಕಾಲದ ತಂತಿದಾರಿಯೊಂದನ್ನು ಜೋಡಿಸಬೇಕು. ಇದಕ್ಕೆ ಸೆಟ್ಟಿಂಗ್ಸ್ ಕಿಟಕಿಯಲ್ಲಿ ಗುಂಡಿಯಿಲ್ಲ. ಆಗ ಆ ಖೋಲಿಯ ಹೆಸರಿನ ಫೈಲಿನಲ್ಲಿ ಐದು ಸಾಲು ಬರೆಯಬೇಕು. ಮೊದಲನೆಯ ಸಾಲಿನಲ್ಲಿ ಎಕ್ಸ್‌ಟೆಂಡ್ಸ್ ಎಂದು ಬರೆದು ಮೂಲ ನಮೂನೆಯ ಹೆಸರು. ಎರಡನೆಯ ಸಾಲಿನಲ್ಲಿ ಡಿವೈಸಸ್ ಭಾಗದ ಆರಂಭ. ಮೂರನೆಯ ಸಾಲಿನಲ್ಲಿ ಸೂಪರ್. ನಾಲ್ಕನೆಯದು ಸೀರಿಯಲ್ ಸಾಧನದ ಸಾಲು. ಐದನೆಯದು ಭಾಗದ ಮುಕ್ತಾಯ. ಇಷ್ಟೇ. ಮೂರನೆಯ ಸಾಲನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಯೋಚಿಸಿ: ಖೋಲಿಯಲ್ಲಿ ಡಿಸ್ಕೂ ಇಲ್ಲ, ಜಾಲವೂ ಇಲ್ಲ, ಸೀರಿಯಲ್ ತಂತಿ ಒಂದೇ ಉಳಿಯುತ್ತದೆ. ಬಾಡಿಗೆಗೆ ಹಿಡಿದ ಖೋಲಿಯಲ್ಲಿ ಗಂಟೆಯ ದಾರ ಮಾತ್ರ ನೇತಾಡುತ್ತಿದ್ದಂತೆ.

ಫೈಲನ್ನಿಟ್ಟ ಮೇಲೆ ಖೋಲಿಯನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕು. ತೆರೆದಿರುವ ಖೋಲಿಗೆ ಹೊಸ ಆಜ್ಞೆ ತಗಲುವುದಿಲ್ಲ. ತಯಾರಾದ ವಿವರಪತ್ರವನ್ನು ಕಣ್ಣಾರೆ ಕಾಣಬೇಕೆನ್ನುವವರು ಮುಖ್ಯ ಕಚೇರಿಯಲ್ಲಿ ವರ್ಶ್ ಎಂಬ ಆಜ್ಞೆಗೆ ಡಂಪ್‌ಎಕ್ಸ್‌ಎಂಎಲ್ ಎಂಬ ಮಾತನ್ನೂ ಖೋಲಿಯ ಹೆಸರನ್ನೂ ಸೇರಿಸಿ ಕೇಳಬೇಕು. ನಮ್ಮ ಸಾಲು ಅದರಲ್ಲಿ ಕಂಡರೆ ಕೆಲಸ ಆದಂತೆ. ಬರವಣಿಗೆಯಲ್ಲಿ ಒಂದು ಚಿಹ್ನೆ ತಪ್ಪಿದರೂ ಖೋಲಿ ತೆರೆಯುವುದಿಲ್ಲ. ಹೆದರಬೇಕಾಗಿಲ್ಲ; ಆ ಫೈಲನ್ನು ಬೇರೆಡೆಗೆ ಸರಿಸಿದರೆ ಖೋಲಿ ಹಳೆಯಂತೆ ಮೂಲ ನಮೂನೆ ಹಿಡಿದು ತೆರೆಯುತ್ತದೆ. ಸಾಮಾನುಗಳಿಗೆ ಏನೂ ಆಗುವುದಿಲ್ಲ.

ಕೆಲವು ಎಚ್ಚರಿಕೆಗಳು

ಒಂದನೆಯದು. ಎಲ್ಲ ಖೋಲಿಗಳಿಗೂ ಅನ್ವಯಿಸುವ ಝೆನ್-ಯೂಸರ್ ಫೈಲೂ ಇದೆ, ಒಂದು ಖೋಲಿಗೆ ಅದರ ಹೆಸರಿನ ಫೈಲೂ ಇದೆ ಎನ್ನಿ. ಹೆಸರಿನ ಫೈಲು ಮೂಲ ನಮೂನೆಯನ್ನು ಆಧರಿಸಿದ್ದರೆ ಝೆನ್-ಯೂಸರ್ ಫೈಲಿನ ಮಾತು ಆ ಖೋಲಿಗೆ ತಲುಪುವುದಿಲ್ಲ. ಎರಡೂ ಬೇಕಾದರೆ ಹೆಸರಿನ ಫೈಲು ಝೆನ್-ಯೂಸರ್ ಫೈಲನ್ನೇ ಆಧರಿಸಿರಬೇಕು. ಅದು ಮೂಲ ನಮೂನೆಯನ್ನು ಆಧರಿಸಿರಬೇಕು.

ಎರಡನೆಯದು. ಹೆಸರಿನ ಫೈಲು ಹೆಸರಿಗೆ ಮಾತ್ರ ಅಂಟಿಕೊಂಡದ್ದು. ಖೋಲಿಯ ಹೆಸರು ಬದಲಾಯಿಸಿದರೆ ಅಥವಾ ಖೋಲಿಯ ಪ್ರತಿ ತೆಗೆದು ಬೇರೆ ಹೆಸರಿಟ್ಟರೆ ವಿಶೇಷ ಆಜ್ಞೆ ಅದರ ಹಿಂದೆ ಹೋಗುವುದಿಲ್ಲ. ಹಳೆಯ ಹೆಸರನ್ನು ಮುಂದೆ ಬೇರೊಂದು ಖೋಲಿಗೆ ಇಟ್ಟರೆ ಆಜ್ಞೆ ಅದಕ್ಕೆ ಅಂಟುತ್ತದೆ! ಆದ್ದರಿಂದ ಖೋಲಿ ತೆಗೆದುಹಾಕಿದ ದಿನವೇ ಅದರ ಫೈಲನ್ನೂ ತೆಗೆದುಹಾಕಬೇಕು.

ಮೂರನೆಯದು. ಕ್ಯೂಬ್ಸ್‌ನ ಬ್ಯಾಕಪ್ ಏರ್ಪಾಡು ಖೋಲಿಗಳನ್ನು ಕಾಪಾಡುತ್ತದೆ. ಮುಖ್ಯ ಕಚೇರಿಯದರಲ್ಲಿ ಹೋಮ್ ಫೋಲ್ಡರು ಅದರೊಳಗೆ ಸೇರುತ್ತದೆಯೇ ಹೊರತು ಎಟ್ಸಿ ಫೋಲ್ಡರು ಸೇರುವುದಿಲ್ಲ. ನಮ್ಮ ನಮೂನೆಗಳಿರುವುದು ಎಟ್ಸಿಯಲ್ಲಿ. ಯಂತ್ರ ಕೆಟ್ಟು ಹೊಸದಕ್ಕೆ ಬದಲಾಯಿಸಿದ ದಿನ ಅವು ಮಾಯವಾಗಿರುತ್ತವೆ. ಬರೆದ ಪ್ರತಿಯೊಂದು ನಮೂನೆಯ ನಕಲನ್ನೂ ಹೋಮ್ ಫೋಲ್ಡರಿನಲ್ಲಿ ಇಟ್ಟಿರಬೇಕು. ಯಾವ ತಾರೀಖಿಗೆ, ಯಾವ ಕಾರಣಕ್ಕೆ ಬರೆದದ್ದೆಂದು ಒಂದು ಸಾಲು ಟಿಪ್ಪಣಿಯೂ ಇರಲಿ. ಕಾರಣ ಬರೆಯದ ತಿದ್ದುಪಡಿ ಸಹಿಯಿಲ್ಲದ ವೋಚರಿದ್ದಂತೆ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು. ಮೂಲ ನಮೂನೆಯಲ್ಲಿ ಮುಚ್ಚಿಟ್ಟ ಬಾಗಿಲುಗಳಿಗೆ ಕಾರಣವಿದೆ. ಸಿಪಿಯು ಭಾಗದಲ್ಲಿ, ಖೋಲಿಯೊಳಗೆ ಇನ್ನೊಂದು ಖೋಲಿ ಕಟ್ಟುವ ಸೌಕರ್ಯವನ್ನು ಬೇಕೆಂದೇ ಮುಚ್ಚಿದ್ದಾರೆ. ಅದನ್ನು ತೆರೆಯುವ ಸಾಲು ಬಹಳ ಚಿಕ್ಕದು. ಆದರೆ ತೆರೆದರೆ ಮೇಲ್ವಿಚಾರಕನಾದ ಝೆನ್ ತಂತ್ರಾಂಶದ ಹೆಚ್ಚಿನ ಭಾಗವೊಂದು ಆ ಖೋಲಿಯವನ ಕೈಗೆ ಎಟಕುವಂತಾಗುತ್ತದೆ. ಆ ಮೇಲ್ವಿಚಾರಕನೂ ತಪ್ಪೇ ಇಲ್ಲದವನಲ್ಲ. 2015ರ ಅಕ್ಟೋಬರಿನಲ್ಲಿ ಝೆನ್‌ನ ಹಳೆಯ ಪದ್ಧತಿಯ ಖೋಲಿಗಳಲ್ಲಿ ಒಂದು ಘೋರ ಬಿರುಕು ಪತ್ತೆಯಾಯಿತು. ಅದು ಏಳು ವರ್ಷಗಳ ಕಾಲ ಯಾರ ಗಮನಕ್ಕೂ ಬಾರದೆ ಅಲ್ಲಿಯೇ ಇತ್ತು. ಅದರಿಂದ ಖೋಲಿಯವನು ಗೋಡೆ ದಾಟಿ ಮುಖ್ಯ ಕಚೇರಿಗೇ ಹೋಗಬಹುದಾಗಿತ್ತು. ಈ ಪಾಠದ ಮೇಲೆಯೇ ಕ್ಯೂಬ್ಸ್‌ನವರು 4.0 ಆವೃತ್ತಿಯಲ್ಲಿ ಹಳೆಯ ಪದ್ಧತಿಯನ್ನು ಬಿಟ್ಟು, ಪ್ರೊಸೆಸರಿನ ಆಸರೆಯಿರುವ ಹೊಸ ಪದ್ಧತಿಗೆ ತಿರುಗಿದರು. ಪರಿಣತರ ಕಣ್ಣಿಗೇ ಏಳು ವರ್ಷ ಬೀಳದ ಬಿರುಕು ಇರಬಹುದಾದರೆ, ನಾವು ತಿಳಿಯದೆ ಕೊರೆದ ತೂತು ಎಷ್ಟು ವರ್ಷ ಇರಲಾರದು?

ಆದುದರಿಂದ ಯಾರೋ ಎಲ್ಲಿಯೋ ಬರೆದದ್ದನ್ನು ಅರ್ಥ ತಿಳಿಯದೆ ಮುಖ್ಯ ಕಚೇರಿಗೆ ನಕಲು ಮಾಡಬಾರದು. ಬೇರೆ ಖೋಲಿಗಳಿಂದ ಮುಖ್ಯ ಕಚೇರಿಗೆ ಫೈಲು ಸಾಗಿಸುವುದನ್ನು ಕ್ಯೂಬ್ಸ್‌ನವರು ಬೇಕೆಂದೇ ಕಷ್ಟಮಾಡಿಟ್ಟಿದ್ದಾರೆ. ಐದು ಸಾಲಿನ ನಮೂನೆಯನ್ನು ಕೈಯಿಂದಲೇ ಬರೆಯುವುದು ಒಳ್ಳೆಯದು. ಬೆರಳಿನಿಂದ ಒಂದೊಂದೇ ಅಕ್ಷರ ಒತ್ತುವಾಗ ಅದರ ಅರ್ಥವೂ ಒಂದಿಷ್ಟು ತಲೆಗೆ ಹೋಗುತ್ತದೆ.

ಯಂತ್ರ ಕೊಳ್ಳುವವರಿಗೆ

ಈ ವ್ಯವಸ್ಥೆ ಎಲ್ಲ ಯಂತ್ರಗಳ ಮೇಲೂ ನಡೆಯುವುದಿಲ್ಲ. ಕನಿಷ್ಠ 6 ಜಿಬಿ ಮೆಮೊರಿ ಬೇಕು. 16 ಜಿಬಿ ಇದ್ದರೆ ಉತ್ತಮ ಎಂದು ಕ್ಯೂಬ್ಸ್‌ನವರೇ ಹೇಳುತ್ತಾರೆ. ಡಿಸ್ಕಿನಲ್ಲಿ ಕನಿಷ್ಠ 32 ಜಿಬಿ ಜಾಗ ಬೇಕು. ಪ್ರೊಸೆಸರು ಇಂಟೆಲ್ ಕಂಪನಿಯದಾದರೆ ವಿಟಿ-ಎಕ್ಸ್ ಮತ್ತು ವಿಟಿ-ಡಿ ಎಂಬ ಎರಡು ಸೌಕರ್ಯಗಳೂ, ಎಎಂಡಿ ಕಂಪನಿಯದಾದರೆ ಎಎಂಡಿ-ವಿ ಮತ್ತು ಎಎಂಡಿ-ವಿಐ ಎಂಬವೂ ಇರಬೇಕು. ಗ್ರಾಂಟ್ ರೋಡಿನ ಬಳಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಹಳೆಯ ಯಂತ್ರ ಕೊಳ್ಳಹೋಗುವವರು ಈ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಲಿ; ಅಂಗಡಿಯವನ ಮುಂದೆಯೇ ಯಂತ್ರದ ಬಯಾಸ್ ಪರದೆ ತೆರೆಸಿ ಅವು ಇವೆಯೇ ಎಂದು ನೋಡಲಿ. ಇದ್ದರೂ ಕೆಲವು ಯಂತ್ರಗಳಲ್ಲಿ ಅವನ್ನು ಮುಚ್ಚಿಟ್ಟಿರುತ್ತಾರೆ, ಅಲ್ಲಿಯೇ ತೆರೆದುಕೊಳ್ಳಬಹುದು. ಹಣ ಕೊಟ್ಟ ಮೇಲೆ ಕೇಳಿ ಪ್ರಯೋಜನವಿಲ್ಲ.

'ನಮ್ಮಲ್ಲಿ ಕದಿಯಲು ಏನಿದೆ, ನಮಗೇಕೆ ಇಷ್ಟೆಲ್ಲ ಗೋಡೆ?' ಎಂದು ಕೆಲವು ಮಿತ್ರರು ಕೇಳುತ್ತಾರೆ. ಸಾವುಕಾರನ ಖಾತೆಯಿಂದ ಲಕ್ಷ ಹೋದರೆ ಅವನಿಗೆ ವಕೀಲರುಂಟು, ವಿಮೆಯುಂಟು, ಇನ್ನೊಂದು ಖಾತೆಯುಂಟು. ತಿಂಗಳ ಕೊನೆಯಲ್ಲಿ ಊರಿಗೆ ಕಳಿಸಬೇಕಾದ ಹಣವೇ ಹೋದವನಿಗೆ ಏನುಂಟು? ಗೋಡೆಯ ಅಗತ್ಯ ಕಡಿಮೆಯಿರುವವನಿಗೇ ಹೆಚ್ಚು. ಹಾಗೆಂದು ಎಲ್ಲರೂ ನಾಳೆಯೇ ಕ್ಯೂಬ್ಸ್ ಹಾಕಿಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಕಲಿಯಲು ತಾಳ್ಮೆ ಬೇಕು, ತಕ್ಕ ಯಂತ್ರವೂ ಬೇಕು. ಹಾಕಿಕೊಂಡವರಿಗೆ ಮಾತ್ರ ನಮ್ಮ ಸಲಹೆ ಇಷ್ಟು: ಸೆಟ್ಟಿಂಗ್ಸ್ ಕಿಟಕಿಯಲ್ಲಿ ಆಗುವುದನ್ನು ಅಲ್ಲಿಯೇ ಮುಗಿಸಿ; ಖೋಲಿಯೊಳಗೆ ಆಗುವುದನ್ನು ಒಳಗೇ ಮುಗಿಸಿ; ಅನಿವಾರ್ಯವಾದಾಗ ಮಾತ್ರ ನಮೂನೆಗೆ ಕೈಹಾಕಿ. ಹಾಕಿದಾಗಲೂ ಮೊದಲು 'ಸದರಿಯಂತೆ' ಎಂದು ಬರೆದು, ಅದರ ಕೆಳಗೆ ನಿಮಗೆ ಅರ್ಥವಾದ ಒಂದೇ ಒಂದು ಸಾಲನ್ನು ಸೇರಿಸಿ.